ಹುಲ್ಲುಗಾವಲಿಗೆ ಜೆಸಿಬಿ ಬೇಡ

ಬಾಶೆಟ್ಟಿಹಳ್ಳಿ ಕಡೆಯ ಓದುಗರೊಬ್ಬರ ಪ್ರಶ್ನೆ: ‘ಗೋಮಾಳದ ತುಂಬ ಲಂಟಾನ, ಪಾರ್ಥೇನಿಯಂ. ಜೆಸಿಬಿ ತರಿಸಿ ಒಂದೇ ಸಲ ಕೆತ್ತಿಸಿಬಿಟ್ಟರೆ ಹುಲ್ಲು ಬರುವುದಿಲ್ಲವೇ? ಆದರೆ ಆ ಪೊದೆಗಳಲ್ಲೇ ಕೌಜುಗ, ಮೊಲ ಇವೆಯಲ್ಲ.’ ಹತ್ತಿರದ ಹೆಸರಘಟ್ಟಕ್ಕೂ ಈ ಪ್ರಶ್ನೆ ಸಲ್ಲುತ್ತದೆ. ಅಲ್ಲಿನ 5,678 ಎಕರೆಯನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸಲು 2024ರ ಅಕ್ಟೋಬರಿನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿಗೆ ಕೊಟ್ಟಿದೆ.

ಎರಡೂ ಕಳೆಗಳಿಗೆ ಒಂದೇ ಮದ್ದು ಆಗದು. ಲಂಟಾನದ ಮುಳ್ಳುಪೊದೆ ಕೌಜುಗಕ್ಕೆ ಮರೆ, ಅದರ ಹೂ ಚಿಟ್ಟೆಗೆ ಮಕರಂದ. ಹಣ್ಣು ತಿನ್ನುವ ಪಿಕಳಾರ ಬೀಜವನ್ನು ಊರೆಲ್ಲ ಬಿತ್ತುತ್ತದೆ ಅನ್ನುವುದೂ ನಿಜ. ಪಾರ್ಥೇನಿಯಂನಿಂದ ಅಂಥ ಉಪಕಾರವೇನೂ ಇಲ್ಲ. ಒಂದೇ ಗಿಡ 15,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಹೂ ಬಿಡುವ ಮೊದಲೇ, ಮಳೆಗೆ ನೆಲ ನೆನೆದಾಗ ಕೀಳಬೇಕು. ತೊಡಕಿರುವುದು ಇಲ್ಲೇ: ನೆಲಗುಬ್ಬಿ, ಟಿಟ್ಟಿಭಗಳು ಬರಿನೆಲದಲ್ಲಿ ಮೊಟ್ಟೆ ಇಡುವ ಕಾಲವೂ ಹೆಚ್ಚುಕಡಿಮೆ ಅದೇ. ಕಳೆ ಕೀಳಲು ಹೋದ ಹತ್ತು ಜನರ ಕಾಲಡಿ ಎಷ್ಟು ಗೂಡು ಉಳಿದಾವು?

ಕಾಲಿಟ್ಟು ತುಳಿಯದ ಕೂಲಿಯಾಳೊಬ್ಬ ಹೆಸರಘಟ್ಟದಲ್ಲೇ ತಯಾರಾದ ಕತೆ ನನಗೆ ಬಹಳ ಇಷ್ಟ. ಅಲ್ಲಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೆ.ಪಿ. ಜಯಂತ್ ಅವರು ಮೆಕ್ಸಿಕೊದಿಂದ 1983ರಲ್ಲಿ ತರಿಸಿದ ಜೈಗೋಗ್ರಾಮ ಎಂಬ ಪುಟ್ಟ ಜೀರುಂಡೆಯನ್ನು ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನ ಸುತ್ತ ಬಿಟ್ಟರು. ಮಳೆಗಾಲದಲ್ಲಿ ಮರಿಯೂ ದೊಡ್ಡದೂ ಪಾರ್ಥೇನಿಯಂ ಎಲೆಯನ್ನೇ ಮೇಯುತ್ತವೆ. ಒಣಗಾಲದಲ್ಲಿ ಮಣ್ಣು ಸೇರುತ್ತವೆ. 1991ರ ಸುಮಾರಿಗೆ ಅದು ಸೂರ್ಯಕಾಂತಿಯ ಮೇಲೆ ಕಾಣಿಸಿಕೊಂಡಾಗ ಗದ್ದಲವೋ ಗದ್ದಲ, ಬಿಡುಗಡೆಯೂ ನಿಂತಿತು. ಕಡೆಗೆ ತಿಳಿದದ್ದು: ಗಾಳಿಗೆ ಹಾರಿದ ಪಾರ್ಥೇನಿಯಂ ಪರಾಗ ಸೂರ್ಯಕಾಂತಿ ಎಲೆಯ ಮೇಲೆ ಕೂತಿತ್ತು, ಅದರ ರುಚಿಗೆ ಹುಳು ಎಲೆ ಕಚ್ಚಿತ್ತು! ಜೀರುಂಡೆ ಚೆನ್ನಾಗಿ ಮೇಯ್ದ ಕಡೆ ಬೇರೆ ಗಿಡಗಳು ಮೇಲೆದ್ದದ್ದನ್ನೂ ಜಯಂತ್ ಮತ್ತು ಸಂಗಡಿಗರು ದಾಖಲಿಸಿದ್ದಾರೆ. ಪವಾಡವೇನೂ ಆಗಲಿಲ್ಲ ಅನ್ನಿ. ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಗಿಡ, ಇನ್ನೂ ಎಲ್ಲೆಲ್ಲೂ ಇದೆ.

ಲಂಟಾನಕ್ಕೆ ಆತುರ ಬೇಡ. ತಾಯಿಬೇರನ್ನು ನೆಲದಿಂದ 3–5 ಸೆಂ.ಮೀ. ಕೆಳಗೆ ಕತ್ತರಿಸಿ ಪೊದೆಯನ್ನು ತಲೆಕೆಳಗಾಗಿ ಇಡುವುದು ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರ ತಂಡ ರೂಪಿಸಿದ ವಿಧಾನ. ನೆಲ ಹೆಚ್ಚು ಕದಡುವುದಿಲ್ಲ. ಜೆಸಿಬಿ ಹಾಗಲ್ಲ: ಹುಲ್ಲಿನ ಬೇರನ್ನೂ ಕಿತ್ತು, ಹೂತಿದ್ದ ಪಾರ್ಥೇನಿಯಂ ಬೀಜಕ್ಕೆ ಬೆಳಕು ಕಾಣಿಸುತ್ತದೆ. ಚಳಿಗಾಲದಲ್ಲಿ, ಹಣ್ಣಿನ ಪೊದೆಗಳಿಂದ ಶುರುಮಾಡಿ, ತುಂಡುತುಂಡಾಗಿ ತೆಗೆಯಿರಿ. ತೆರವಾದಲ್ಲಿ ಹುಲ್ಲು ಹಬ್ಬುವ ತನಕ ಪಕ್ಕದ ಪೊದೆ ಮುಟ್ಟಬೇಡಿ. ಸಂಜೆಯೊಳಗೆ ಕೆಲಸ ನಿಲ್ಲಿಸಿ. ವಲಸೆ ಬಂದ ಹ್ಯಾರಿಯರ್ ಹಕ್ಕಿಗಳು ರಾತ್ರಿ ಹುಲ್ಲಿನ ನಡುವೆ ನೆಲದ ಮೇಲೇ ತಂಗುತ್ತವೆ. ಮುಖ್ಯವಾಗಿ, ಖಾಲಿ ಕಂಡಿತೆಂದು ಅಲ್ಲಿ ಸಸಿ ನೆಡುವ ವನಮಹೋತ್ಸವಕ್ಕೆ ಮಾತ್ರ ಒಪ್ಪಬೇಡಿ.