ವಕೀಲರೊಡನೆ ಮುಚ್ಚುಮರೆ ಬೇಡ



ರಸ್ತೆ ಅಪಘಾತವೊಂದು ತುಂಬಿದ ಮನೆಯನ್ನು ಒಂದೇ ದಿನದಲ್ಲಿ ಅಲ್ಲೋಲಕಲ್ಲೋಲ ಮಾಡಿಬಿಡುತ್ತದೆ. ದುಡಿಯುವ ಮಗ ಹಾಸಿಗೆ ಹಿಡಿಯುತ್ತಾನೆ. ಆಸ್ಪತ್ರೆಯ ಬಿಲ್ಲು ಏರುತ್ತದೆ. ತಾಯಿ ಒಡವೆ ಅಡವಿಡುತ್ತಾಳೆ. ಇಂಥವರಿಗಾಗಿ 1988ರ ಮೋಟಾರು ವಾಹನ ಕಾಯಿದೆಯು ಪರಿಹಾರದ ದಾರಿಯನ್ನು ತೆರೆದಿದೆ. ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಆದರೆ ವಕೀಲರ ಮುಂದೆ ಕುಳಿತಾಗ ಮನಸ್ಸಿನಲ್ಲೊಂದು ಶೋಧನೆ ಏಳುತ್ತದೆ: ಇದನ್ನು ಹೇಳಿದರೆ ಹಣ ಕಡಿಮೆಯಾದೀತೇ?

ಬೈಕು ಓಡಿಸಿದ ಮಗನಿಗೆ ಪರವಾನಗಿ ಇರಲಿಲ್ಲ ಎನ್ನೋಣ. ಅಣ್ಣನೇ ಓಡಿಸುತ್ತಿದ್ದನೆಂದು ಹೇಳಿದರಾಯಿತು ಎಂದು ಮನೆಯವರು ಯೋಚಿಸುತ್ತಾರೆ. ಆದರೆ ಆಸ್ಪತ್ರೆಗೆ ಸೇರಿಸಿದ ರಾತ್ರಿ ವೈದ್ಯರು ಕೇಳಿ ಬರೆದುಕೊಂಡ ಮಾತು ದಾಖಲೆಯಲ್ಲಿರುತ್ತದೆ. ವಿಮಾ ಕಂಪನಿಯ ವಕೀಲರು ಅದನ್ನು ತರಿಸಿ ಪಾಟೀಸವಾಲಿನಲ್ಲಿ ಮುಂದಿಡಬಹುದು. ಆ ಒಂದು ಸುಳ್ಳು ಹೊರಬಿದ್ದ ಮೇಲೆ ಮುರಿದ ಕಾಲಿನ ನಿಜವಾದ ನೋವನ್ನು ಯಾರು ನಂಬುತ್ತಾರೆ?

ದುಃಖದ ಸಂಗತಿಯೆಂದರೆ ಆ ಸುಳ್ಳು ಬೇಕಾಗಿಯೇ ಇರಲಿಲ್ಲ. ಪರವಾನಗಿ ಇಲ್ಲದೆ ಓಡಿಸುವುದು ತಪ್ಪು ಹೌದು. ಆದರೆ ಅದೊಂದೇ ಕಾರಣಕ್ಕೆ ಗಾಯಾಳುವೂ ಅಪಘಾತಕ್ಕೆ ಹೊಣೆ ಎನ್ನಲಾಗದೆಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಮೊದಲೇ ತಿಳಿಸಿದ್ದರೆ ವಕೀಲರೇ ಇದನ್ನು ಬಿಡಿಸಿ ಹೇಳುತ್ತಿದ್ದರು.

ಮಾಡುವ ಕೆಲಸ, ಬರುವ ಸಂಬಳ, ಹಳೆಯ ಗಾಯ ಇವುಗಳನ್ನೂ ಇದ್ದದ್ದು ಇದ್ದ ಹಾಗೆಯೇ ಹೇಳಬೇಕು. ಎಡಗೈ ಕಳೆದುಕೊಂಡ ಚಾಲಕ ಅಥವಾ ಬಡಗಿಯ ಸಂಪಾದನೆ ಹೆಚ್ಚುಕಡಿಮೆ ಪೂರ್ತಿ ನಿಂತುಹೋಗಬಹುದು, ಸರ್ಕಾರಿ ಗುಮಾಸ್ತನ ಕೆಲಸ ಉಳಿಯಬಹುದು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ವಿವರಿಸಿತು. ಗಾಯ ಒಂದೇ ಆದರೂ ನಷ್ಟ ಬೇರೆ. ನಿಮ್ಮ ನಿಜವಾದ ದುಡಿಮೆ ತಿಳಿಯದೆ ವಕೀಲರು ನಿಮ್ಮ ನಷ್ಟವನ್ನು ತೋರಿಸುವುದಾದರೂ ಹೇಗೆ?

ಹೇಳಿದ ಮಾತು ಊರಿಗೆಲ್ಲ ಹರಡೀತೆಂಬ ಭಯ ಬೇಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಪ್ರಕಾರ, ಕಕ್ಷಿದಾರರು ಗುಟ್ಟಾಗಿ ಹೇಳಿದ್ದನ್ನು ವಕೀಲರು ಅವರ ಒಪ್ಪಿಗೆಯಿಲ್ಲದೆ ಹೊರಗೆಡಹುವಂತಿಲ್ಲ. ಆದರೆ ಸುಳ್ಳು ದಾಖಲೆ ಸೃಷ್ಟಿಸಿಕೊಡಿ ಎಂದು ಕೇಳುವವರಿಗೆ ಈ ರಕ್ಷಣೆ ಇಲ್ಲ.

ಪ್ರಾಮಾಣಿಕತೆ ವಕೀಲರಲ್ಲೂ ಇರಬೇಕು. ಬಂದ ಪರಿಹಾರದಲ್ಲಿ ಇಷ್ಟು ಪಾಲು ನನಗೆ ಎಂದು ಕರಾರು ಮಾಡಿಕೊಳ್ಳುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಶುಲ್ಕವೆಷ್ಟೆಂದು ಮೊದಲೇ ಕೇಳಿರಿ, ರಸೀದಿ ಪಡೆಯಿರಿ, ಖಾಲಿ ಕಾಗದಕ್ಕೆ ಸಹಿ ಹಾಕಬೇಡಿರಿ. ಪ್ರಕರಣದ ದುರ್ಬಲ ಅಂಶವನ್ನೂ ತೆರೆದು ಹೇಳುವ ವಕೀಲರನ್ನು ನಂಬಿರಿ. ಹಣವಿಲ್ಲವೆಂದು ಹಿಂಜರಿಯಬೇಡಿರಿ. ಮಹಿಳೆಯರು, ಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ ಪಂಗಡದವರು ಮತ್ತು ಕಡಿಮೆ ಆದಾಯದವರು ಕಾನೂನು ಸೇವಾ ಸಮಿತಿಯಿಂದ ಉಚಿತ ನೆರವು ಪಡೆಯಬಹುದು.

ಆದ್ದರಿಂದ ಪ್ರಿಯರೇ, ವಕೀಲರನ್ನು ಕಾಣುವ ಮೊದಲ ದಿನವೇ ಹೇಳಲು ಹೆದರುವ ಆ ಒಂದು ಮಾತನ್ನು ಮೊದಲು ಹೇಳಿಬಿಡಿರಿ. ಅದು ಎದುರಾಳಿಯ ಬಾಯಿಂದ ಹೊರಬರುವುದಕ್ಕಿಂತ ನಿಮ್ಮ ಬಾಯಿಂದಲೇ ಬರಲಿ.