ಸದ್ದನ್ನು ಸಂಗೀತವಾಗಿಸಿದ ಜಿಮಿ ಹೆಂಡ್ರಿಕ್ಸ್

ಅಮೆರಿಕದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಸ್ವಂತ ತಂಡ ಕಟ್ಟಿಕೊಂಡು ನುಡಿಸಿದ್ದು ಸುಮಾರು ನಾಲ್ಕೇ ವರ್ಷವಾದರೂ, ರಾಕ್ ಸಂಗೀತದಲ್ಲಿ ಎಲೆಕ್ಟ್ರಿಕ್ ಗಿಟಾರಿನ ಸ್ವರೂಪವನ್ನು ಅವರಷ್ಟು ಆಳವಾಗಿ ಬದಲಿಸಿದವರು ವಿರಳ.

1942ರ ನವೆಂಬರ್ 27ರಂದು ಸಿಯಾಟಲ್ ನಗರದ ಬಡ ಕಪ್ಪು ಕುಟುಂಬವೊಂದರಲ್ಲಿ ಜನಿಸಿದ ಅವರು, 1961ರಲ್ಲಿ ಸೈನ್ಯ ಸೇರಿ ಮರುವರ್ಷವೇ ಹೊರಬಂದು, ಲಿಟ್ಲ್ ರಿಚರ್ಡ್, ಐಸ್ಲಿ ಬ್ರದರ್ಸ್ ಮೊದಲಾದವರಿಗೆ ಪಕ್ಕವಾದ್ಯ ನುಡಿಸುತ್ತ ಊರೂರು ಅಲೆದರು. ಕಪ್ಪು ಜನರ ನೋವಿನಿಂದ ಹುಟ್ಟಿದ ಬ್ಲೂಸ್ ಸಂಗೀತ ಅವರಿಗೆ ಕರಗತವಾದದ್ದು ಈ ದುಡಿಮೆಯಲ್ಲಿಯೇ. 1966ರಲ್ಲಿ ನ್ಯೂಯಾರ್ಕಿನಲ್ಲಿ ಅವರ ವಾದನವನ್ನು ಕೇಳಿದ ಬ್ರಿಟಿಷ್ ಸಂಗೀತಗಾರ ಚಾಸ್ ಚಾಂಡ್ಲರ್, ಹೆಂಡ್ರಿಕ್ಸ್ ಅವರನ್ನು ಲಂಡನ್ನಿಗೆ ಕರೆದೊಯ್ದರು. ಅಲ್ಲಿ ಬಾಸ್ ಗಿಟಾರಿಗೆ ನೋಯೆಲ್ ರೆಡಿಂಗ್, ಡ್ರಮ್ಸ್‌ಗೆ ಮಿಚ್ ಮಿಚೆಲ್ ಸೇರಿ ‘ಜಿಮಿ ಹೆಂಡ್ರಿಕ್ಸ್ ಎಕ್ಸ್‌ಪೀರಿಯೆನ್ಸ್’ ತಂಡ ಸಿದ್ಧವಾಯಿತು.

ಎಡಗೈ ವಾದಕರಾದ ಹೆಂಡ್ರಿಕ್ಸ್, ಬಲಗೈಯವರಿಗಾಗಿ ಮಾಡಿದ ಫೆಂಡರ್ ಸ್ಟ್ರಾಟೊಕ್ಯಾಸ್ಟರ್ ಗಿಟಾರನ್ನು ತಲೆಕೆಳಗಾಗಿ ಹಿಡಿದು, ತಂತಿಗಳ ಕ್ರಮವನ್ನು ಬದಲಿಸಿಕೊಂಡು ನುಡಿಸುತ್ತಿದ್ದರು. ಆದರೆ ಅವರ ಹಿರಿಮೆ ಇದ್ದದ್ದು ಸದ್ದನ್ನು ಬಳಸಿಕೊಂಡ ಬಗೆಯಲ್ಲಿ. ಸಭೆಗಳಲ್ಲಿ ಮೈಕು ಸ್ಪೀಕರಿನ ಹತ್ತಿರ ಬಂದಾಗ ಕುಯ್ಯೆಂಬ ಸದ್ದು ಏಳುವುದುಂಟು. ಸ್ಪೀಕರಿನ ಧ್ವನಿ ಮತ್ತೆ ಮೈಕಿಗೆ ಹೊಕ್ಕು ಬೆಳೆಯುವ ಈ ಕ್ರಿಯೆಯನ್ನು ಫೀಡ್‌ಬ್ಯಾಕ್ ಎನ್ನುತ್ತಾರೆ. ಗಿಟಾರಿನಲ್ಲೂ ಉಂಟಾಗುವ ಇದನ್ನು ಇತರ ಕೆಲವರು ಅದಾಗಲೇ ಬಳಸಿದ್ದರಾದರೂ, ಆಂಪ್ಲಿಫೈಯರಿನ ಮುಂದೆ ನಿಲ್ಲುವ ದೂರ, ತಂತಿಯ ಮೇಲಿನ ಬೆರಳು ಮತ್ತು ಸ್ವರವನ್ನು ಬಾಗಿಸುವ ಲೋಹದ ಕಡ್ಡಿ ಇವುಗಳಿಂದ ಅದನ್ನು ಹತೋಟಿಗೆ ತಂದು, ರಾಗದ ಅಂಗವಾಗಿ ಹೆಣೆದ ಕೌಶಲ ಹೆಂಡ್ರಿಕ್ಸ್ ಅವರದು.

1967ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಉತ್ಸವದ ವೇದಿಕೆಯಲ್ಲಿ ಗಿಟಾರಿಗೆ ಬೆಂಕಿಯಿಟ್ಟು ಅವರು ತಾಯ್ನಾಡಿನಲ್ಲಿ ಮನೆಮಾತಾದರು. ಆದರೆ ಅವರ ಕಲೆಯ ಗಾಂಭೀರ್ಯ ತಿಳಿಯುವುದು 1969ರ ಆಗಸ್ಟ್ 18ರ ಬೆಳಗ್ಗೆ, ಬಹುಪಾಲು ಜನ ಹೊರಟುಹೋಗಿದ್ದ ವುಡ್‌ಸ್ಟಾಕ್ ಉತ್ಸವದಲ್ಲಿ ನುಡಿಸಿದ ಅಮೆರಿಕದ ರಾಷ್ಟ್ರಗೀತೆಯಿಂದ. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ಆ ಕಾಲದಲ್ಲಿ, ಗೀತೆಯ ಮೂಲ ಧಾಟಿಯನ್ನು ಉಳಿಸಿಕೊಂಡೇ ನಡುನಡುವೆ ಬಾಂಬುಗಳ ಭೋರ್ಗರೆತವನ್ನೂ, ಸೈನಿಕರ ಅಂತ್ಯಕ್ರಿಯೆಯಲ್ಲಿ ಊದುವ ಕಹಳೆಯ ಧಾಟಿಯನ್ನೂ ಅವರು ಗಿಟಾರೊಂದರಲ್ಲೇ ಮೂಡಿಸಿದರು. ಒಂದೇ ಒಂದು ಮಾತೂ ಇಲ್ಲದ ಆ ವಾದನವನ್ನು ಅನೇಕರು ಪ್ರತಿಭಟನೆಯೆಂದೇ ಗ್ರಹಿಸಿದರು.

1970ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನಲ್ಲಿ ಅವರ ಸ್ವಂತ ಧ್ವನಿಮುದ್ರಣಾಲಯವಾದ ‘ಎಲೆಕ್ಟ್ರಿಕ್ ಲೇಡಿ’ ಆರಂಭವಾಯಿತು; ಮರುತಿಂಗಳು 18ರಂದು ನಿದ್ರೆಮಾತ್ರೆಗಳ ಅತಿಸೇವನೆಯಿಂದ ಅವರು ಲಂಡನ್ನಿನಲ್ಲಿ ತೀರಿಕೊಂಡಾಗ ವಯಸ್ಸು ಕೇವಲ 27.

ಹೆಂಡ್ರಿಕ್ಸ್ ಅವರನ್ನು ಹೊಸದಾಗಿ ಕೇಳಬಯಸುವವರು 1968ರ ‘ಎಲೆಕ್ಟ್ರಿಕ್ ಲೇಡಿಲ್ಯಾಂಡ್’ ಆಲ್ಬಮ್ಮಿನಿಂದ ಆರಂಭಿಸುವುದು ಒಳಿತು. ಅದರಲ್ಲಿ ಅವರು ಮರುರೂಪಿಸಿದ ‘ಆಲ್ ಅಲಾಂಗ್ ದ ವಾಚ್‌ಟವರ್’ ಎಷ್ಟು ಸಮರ್ಥವಾಗಿದೆಯೆಂದರೆ, ಆ ಹಾಡನ್ನು ರಚಿಸಿದ ಬಾಬ್ ಡಿಲನ್ ಅವರೇ ಮುಂದೆ ತಮ್ಮ ಕಛೇರಿಗಳಲ್ಲಿ ಅದನ್ನು ಹೆಂಡ್ರಿಕ್ಸ್ ತೋರಿದ ದಾರಿಯಲ್ಲಿ ಹಾಡತೊಡಗಿದರು.