ನಿಮಗಿದು ಗೊತ್ತೇ? ಇರುವ ಕಾರು ಕೊಟ್ಟು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ತರುವ ಮುನ್ನ

ಬೆಂಗಳೂರಿನ ವೈಟ್‌ಫೀಲ್ಡ್‌ನ ಟೆಕ್ ಪಾರ್ಕ್‌ಗಳಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟ್‌ಗಳಲ್ಲಿ, ಪೀಣ್ಯದ ಕಾರ್ಖಾನೆಗಳ ಗೇಟಿನೊಳಗೆ ಈಗ ಆಗೊಮ್ಮೆ ಈಗೊಮ್ಮೆ ಪೋರ್ಷೆಯೋ ಜಾಗ್ವಾರೋ ಕಣ್ಣಿಗೆ ಬೀಳುತ್ತದೆ. ಅವೆಲ್ಲ ಶೋರೂಮಿನಿಂದ ನೇರವಾಗಿ ಬಂದವಲ್ಲ. ಮನೆಯಲ್ಲಿದ್ದ ಕಾರನ್ನು ಎಕ್ಸ್‌ಚೇಂಜ್‌ಗೆ ಕೊಟ್ಟು, ಮೇಲೆ ಒಂದಿಷ್ಟು ದುಡ್ಡು ಸೇರಿಸಿ, ಬೇರೆಯವರು ಓಡಿಸಿದ ಕನಸಿನ ಕಾರನ್ನು ತಂದವರು ಬಹಳ ಮಂದಿ. ಆಸೆ ತಪ್ಪಲ್ಲ. ಆದರೆ ಎಂಜಿನ್ನಿನ ಸದ್ದು ಕೇಳಿ ಮನಸೋಲುವ ಮೊದಲು ತಿಳಿದಿರಬೇಕಾದ ಸಂಗತಿಗಳು ಹಲವಿವೆ.

● ವಿದೇಶದಲ್ಲೇ ಪೂರ್ತಿ ತಯಾರಾಗಿ ಹಡಗಿನಲ್ಲಿ ಬರುವ ಸ್ಪೋರ್ಟ್ಸ್ ಕಾರಿನ ಬೆಲೆಯಲ್ಲಿ ಕಾರಿಗಿಂತ ತೆರಿಗೆಯ ಪಾಲೇ ದೊಡ್ಡದು. 40,000 ಡಾಲರ್‌ಗಿಂತ ದುಬಾರಿ ಕಾರಿಗೆ ಬಂದರಿನಲ್ಲೇ ಶೇ 110ರಷ್ಟು ಸುಂಕ. 2025ರ ಬಜೆಟ್ ಇದನ್ನು ಶೇ 70 ಸುಂಕ, ಶೇ 40 ಸೆಸ್ ಎಂದು ಒಡೆಯಿತೇ ಹೊರತು ಒಟ್ಟು ಮೊತ್ತ ಇಳಿಯಲಿಲ್ಲ. ಅದರ ಮೇಲೆ ಶೇ 40 ಜಿಎಸ್‌ಟಿ. ಆಮೇಲೆ ಕರ್ನಾಟಕದ ಜೀವಿತಾವಧಿ ತೆರಿಗೆ: 20 ಲಕ್ಷ ರೂಪಾಯಿ ದಾಟಿದ ಕಾರಿಗೆ ಶೇ 18, ಸೆಸ್ ಸೇರಿದರೆ ಹೆಚ್ಚುಕಡಿಮೆ ಶೇ 20. ಬಂದರಿನಲ್ಲಿ 1 ಕೋಟಿ ರೂಪಾಯಿ ಇದ್ದ ಕಾರು ಸುಂಕ ಕಟ್ಟಿದಾಗ 2.10 ಕೋಟಿ, ಜಿಎಸ್‌ಟಿ ಕಟ್ಟಿದಾಗ 2.94 ಕೋಟಿ, ನಂಬರ್ ಪ್ಲೇಟ್ ಬೀಳುವ ಹೊತ್ತಿಗೆ ಸುಮಾರು ಮೂರೂವರೆ ಕೋಟಿ. ಡೀಲರ್ ಲಾಭ, ವಿಮೆ ಇದರಲ್ಲಿ ಸೇರಿಲ್ಲ. ಮೊದಲ ಮಾಲೀಕ ಕಟ್ಟಿದ ಈ ತೆರಿಗೆಯನ್ನು ಎರಡನೆಯವರು ಪೂರ್ತಿಯಾಗಿ ತುಂಬಿಕೊಡುವುದಿಲ್ಲ. ಇಂಥ ಕಾರುಗಳ ಬೆಲೆ ಮೊದಲ ಕೆಲವು ವರ್ಷಗಳಲ್ಲೇ ಜರ್ರನೆ ಇಳಿಯಲು ಇದೂ ದೊಡ್ಡ ಕಾರಣ.

● 2025ರ ಸೆಪ್ಟೆಂಬರ್ 22ರವರೆಗೆ ದೊಡ್ಡ ಕಾರುಗಳ ಮೇಲಿನ ಜಿಎಸ್‌ಟಿ ಮತ್ತು ಸೆಸ್ ಸೇರಿ ಶೇ 50ರ ತನಕ ಹೋಗುತ್ತಿತ್ತು. ಅಂದಿನಿಂದ ಸೆಸ್ ಇಲ್ಲದೆ ಶೇ 40. ಹಾಗಾಗಿ ಮಾರುವವರು 2022ರ ಇನ್‌ವಾಯ್ಸ್ ತೋರಿಸಿ 'ಇಷ್ಟು ಕೊಟ್ಟಿದ್ದೆ' ಎಂದರೆ ಅದನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಅದೇ ಕಾರಿನ ಇಂದಿನ ಹೊಸ ಬೆಲೆ ಕೇಳಿ, ಅಲ್ಲಿಂದ ಕೆಳಗೆ ಲೆಕ್ಕ ಹಾಕಿ.

● ಎಕ್ಸ್‌ಚೇಂಜ್ ಎಂದರೆ ಒಂದು ವ್ಯವಹಾರವಲ್ಲ, ಎರಡು. ನಿಮ್ಮ ಕಾರಿಗೆ ಎಷ್ಟು, ಅವರ ಕಾರಿಗೆ ಎಷ್ಟು ಎಂಬ ಎರಡೂ ಅಂಕಿಗಳನ್ನು ಬೇರೆ ಬೇರೆ ಕಾಗದದಲ್ಲಿ ಬರೆಸಿಕೊಳ್ಳಿ. 'ಇಷ್ಟು ಕೊಡಿ, ಗಾಡಿ ತಗೊಂಡು ಹೋಗಿ' ಎಂಬ ಒಂದೇ ಅಂಕಿಯ ಮಾತಿನಲ್ಲಿ ನಷ್ಟ ಎಲ್ಲಾಯಿತು ಎಂಬುದು ತಿಳಿಯುವುದೇ ಇಲ್ಲ.

● ಹಳೆಯ ಕಾರಿಗೂ ಜಿಎಸ್‌ಟಿ ಇದೆ, ಆದರೆ ಇಡೀ ಬೆಲೆಯ ಮೇಲಲ್ಲ. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ಸೇರಿದ್ದ ಜಿಎಸ್‌ಟಿ ಮಂಡಳಿ ಎಲ್ಲ ಬಗೆಯ ಹಳೆಯ ಕಾರುಗಳಿಗೂ ಶೇ 18 ಎಂದು ತೀರ್ಮಾನಿಸಿತು. ಅದು ಡೀಲರ್‌ಗೆ ಉಳಿಯುವ ಲಾಭದ ಮೇಲೆ ಮಾತ್ರ. ನೀವು ನಿಮ್ಮ ಕಾರನ್ನು ಪಕ್ಕದ ಬ್ಲಾಕಿನವರಿಗೆ ನೇರವಾಗಿ ಮಾರಿದರೆ ಜಿಎಸ್‌ಟಿ ಇಲ್ಲವೇ ಇಲ್ಲ. ಸ್ವಂತ ಬಳಕೆಯ ಕಾರನ್ನು ಲಾಭಕ್ಕೆ ಮಾರಿದರೂ ಅದರ ಮೇಲೆ ಆದಾಯ ತೆರಿಗೆ ಬೀಳುವುದಿಲ್ಲ, ನಷ್ಟವಾದರೆ ತೋರಿಸಿಕೊಳ್ಳುವಂತೆಯೂ ಇಲ್ಲ.

● ಎಲ್ಲರೂ ಹೊಸದಾಗಿ ಬರುವ ಕಾರಿನ ಕಾಗದ ನೋಡುತ್ತಾರೆ. ಅಪಾಯ ಅಡಗಿರುವುದು ಬಿಟ್ಟು ಹೋದ ಕಾರಿನಲ್ಲಿ. 2018ರ ಫೆಬ್ರುವರಿಯಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಗಾಡಿ ಕೈಯಿಂದ ಕೈಗೆ ಎಷ್ಟು ಸಲ ಮಾರಾಟವಾಗಿದ್ದರೂ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ. ಕೀ ಕೊಟ್ಟ ಮೇಲೆ ನಿಮ್ಮ ಹಳೆಯ ಸ್ವಿಫ್ಟ್ ಯಾವ ಊರಿನಲ್ಲಿ ಯಾರ ಕೈಯಲ್ಲಿದೆ ಎಂದು ನಿಮಗೆ ಗೊತ್ತಿರುವುದಿಲ್ಲ, ಆದರೆ ಕಾನೂನಿನ ಕಣ್ಣಿಗೆ ಅದು ನಿಮ್ಮದೇ.

ಇದಕ್ಕೆ ಪರಿಹಾರ 2023ರ ಏಪ್ರಿಲ್ 1ರಿಂದ ಇದೆ, ಬಳಸುವವರು ಕಡಿಮೆ. ಅದರ ಹೆಸರು ನಮೂನೆ 29ಸಿ. ಆರ್‌ಟಿಒದಿಂದ ಅಧಿಕಾರ ಪತ್ರ ಪಡೆದ ಡೀಲರ್‌ಗೆ ಕಾರು ಒಪ್ಪಿಸಿ ಈ ನಮೂನೆಯನ್ನು ಪೋರ್ಟಲ್‌ನಲ್ಲಿ ಸಲ್ಲಿಸಿದರೆ ಅಂದಿನಿಂದ ಆ ಡೀಲರೇ ಮಾಲೀಕ ಎಂದು ಪರಿಗಣಿಸಲಾಗುತ್ತದೆ. ಮುಂದಿನ ಖರೀದಿದಾರ ಸಿಗುವವರೆಗೆ ಕಾರು ಅವರ ಅಂಗಳದಲ್ಲಿ ತಿಂಗಳುಗಟ್ಟಲೆ ನಿಂತರೂ ಹೊಣೆ ನಿಮ್ಮದಲ್ಲ. ಡೀಲರ್ ಬಳಿ ಅಧಿಕಾರ ಪತ್ರ ಇಲ್ಲವೆಂದರೆ, ಮಾಲೀಕತ್ವ ವರ್ಗಾವಣೆಯ ಖಾಲಿ ನಮೂನೆ 29 ಮತ್ತು 30ಕ್ಕೆ ಸಹಿ ಹಾಕಿ ಕೊಡಿ ಎಂದರೆ, ಅಲ್ಲಿಂದ ಎದ್ದು ಬನ್ನಿ.

● ಕೊಡುವ ಕಾರಿನ ಫಾಸ್ಟ್ಯಾಗ್ ಮುಚ್ಚಿಸಿದಿರಾ? ಇಲ್ಲದಿದ್ದರೆ ಯಾರೋ ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆ ಹತ್ತಿ ಇಳಿದ ಟೋಲ್ ನಿಮ್ಮ ಖಾತೆಯಿಂದ ಹೋಗುತ್ತದೆ.

● ವಿಮೆಯ ನೋ ಕ್ಲೈಮ್ ಬೋನಸ್ ಕಾರಿನದಲ್ಲ, ನಿಮ್ಮದು. ಶೇ 50ರವರೆಗೆ ಬೆಳೆದಿರುವ ಆ ರಿಯಾಯಿತಿಗೆ ಹಳೆಯ ವಿಮಾ ಕಂಪನಿಯಿಂದ ಪ್ರಮಾಣಪತ್ರ ಪಡೆದರೆ ಬರುವ ಕಾರಿಗೆ ಹಾಕಿಸಬಹುದು. ಪ್ರಮಾಣಪತ್ರ ಮೂರು ವರ್ಷ ಊರ್ಜಿತ. ಸ್ಪೋರ್ಟ್ಸ್ ಕಾರಿನ ಸ್ವಂತ ಹಾನಿ ವಿಮೆಯ ಕಂತು ದೊಡ್ಡದಾದ್ದರಿಂದ ಇಲ್ಲಿ ಉಳಿಯುವ ಹಣವೂ ದೊಡ್ಡದು.

● ಇನ್ನು ಈ ನಗರದಲ್ಲಿ ಅತಿ ಹೆಚ್ಚು ಜನ ಎಡವುವ ಜಾಗ: ಬೇರೆ ರಾಜ್ಯದ ನಂಬರ್. ಪುದುಚೇರಿಯ 'ಪಿವೈ', ಮಹಾರಾಷ್ಟ್ರದ 'ಎಂಎಚ್', ದೆಹಲಿಯ 'ಡಿಎಲ್' ಕಾರುಗಳು ನಮ್ಮ 'ಕೆಎ' ಕಾರುಗಳಿಗಿಂತ ಲಕ್ಷಗಟ್ಟಲೆ ಅಗ್ಗವಾಗಿ ಕಾಣುತ್ತವೆ. ದೆಹಲಿಯಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗಳ ಮೇಲಿನ ನಿರ್ಬಂಧದ ಭಯವೂ ಅಲ್ಲಿನ ಬೆಲೆಯನ್ನು ತಗ್ಗಿಸಿದೆ. ಆದರೆ ಮೋಟಾರು ವಾಹನ ಕಾಯ್ದೆಯ ಪ್ರಕಾರ ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಪಡೆಯಲೇಬೇಕು. ಅದಕ್ಕೆ ಹಳೆಯ ಆರ್‌ಟಿಒದ ಎನ್‌ಒಸಿ ಬೇಕು, ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಬೇಕು. ಗಮನಿಸಿ: ಆ ತೆರಿಗೆಗೆ ಆಧಾರ ಕಾರಿನ ಮೂಲ ಬೆಲೆ, ನೀವು ಕೊಟ್ಟ ಸೆಕೆಂಡ್ ಹ್ಯಾಂಡ್ ಬೆಲೆಯಲ್ಲ. ಕಾರಿಗೆ ವಯಸ್ಸಾದಷ್ಟೂ ತೆರಿಗೆ ಇಳಿಯುವುದು ನಿಜ, ಆದರೂ ಅರ್ಧ ಬೆಲೆಗೆ ತಂದೆ ಎಂದು ಹಿಗ್ಗಿದವರಿಗೆ ಈ ಲೆಕ್ಕ ಎದೆಗೆ ಬಡಿಯುತ್ತದೆ.

2025ರ ಫೆಬ್ರುವರಿ ಮೊದಲ ವಾರ ಬೆಂಗಳೂರಿನಲ್ಲಿ ಸಾರಿಗೆ ಅಧಿಕಾರಿಗಳು ಒಂದೇ ಕಾರ್ಯಾಚರಣೆಯಲ್ಲಿ ಫೆರಾರಿ, ಪೋರ್ಷೆ, ಆ್ಯಸ್ಟನ್ ಮಾರ್ಟಿನ್ ಸೇರಿದಂತೆ 30 ಐಷಾರಾಮಿ ಕಾರುಗಳನ್ನು ಹಿಡಿದರು. ಬಾಕಿ ತೆರಿಗೆ ಸುಮಾರು 3 ಕೋಟಿ ರೂಪಾಯಿ. ಅದೇ ವರ್ಷ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದೇ ಒಂದು ಫೆರಾರಿ ಎಸ್‌ಎಫ್90 ಕಾರಿನಿಂದ ಬೆಂಗಳೂರು ದಕ್ಷಿಣ ಆರ್‌ಟಿಒಗೆ ಬಂದ ತೆರಿಗೆ ಸುಮಾರು 1.42 ಕೋಟಿ ರೂಪಾಯಿ.

● ಅಮಿತಾಭ್ ಬಚ್ಚನ್ 2019ರಲ್ಲೇ ಮಾರಿದ್ದ ರೋಲ್ಸ್ ರಾಯ್ಸ್ ಫ್ಯಾಂಟಮ್ 2021ರ ಆಗಸ್ಟ್‌ನಲ್ಲಿ ಬೆಂಗಳೂರಿನ ರಸ್ತೆಯಲ್ಲಿ ಸಿಕ್ಕಿಬಿತ್ತು. ದಾಖಲೆಯಲ್ಲಿ ಹೆಸರು ಇನ್ನೂ ಅವರದೇ ಇತ್ತು. ಪತ್ರಿಕೆಗಳಲ್ಲಿ ಮಾರಿದವರ ಹೆಸರು ಬಂತು. 2025ರ ಜುಲೈನಲ್ಲಿ ಈ ಕಾರಿಗೂ, ಹಿಂದೆ ಆಮೀರ್ ಖಾನ್ ಅವರದಾಗಿದ್ದ ಇನ್ನೊಂದು ರೋಲ್ಸ್ ರಾಯ್ಸ್‌ಗೂ ಸೇರಿ ತೆರಿಗೆ ಬಾಕಿಗೆ ಬಿದ್ದ ಮೊತ್ತ 38 ಲಕ್ಷ ರೂಪಾಯಿಗೂ ಹೆಚ್ಚು. ಕಾಯ್ದೆಯ ಪ್ರಕಾರ ಅದೇ ರಾಜ್ಯದೊಳಗೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ವೈಟ್‌ಫೀಲ್ಡ್‌ನವರಿಗೆ ಕೆ.ಆರ್. ಪುರದ ಕೆಎ-53, ಎಲೆಕ್ಟ್ರಾನಿಕ್ ಸಿಟಿಯವರಿಗೆ ಕೆಎ-51.

● ವಿದ್ಯುತ್ ಸ್ಪೋರ್ಟ್ಸ್ ಕಾರು ಬೇರೆ ರಾಜ್ಯದಿಂದ ತರುವುದಾದರೆ ಒಂದು ಸಮಾಧಾನ: 2024ರ ತಿದ್ದುಪಡಿಯಂತೆ 25 ಲಕ್ಷ ರೂಪಾಯಿ ದಾಟಿದ ವಿದ್ಯುತ್ ಕಾರಿಗೆ ಕರ್ನಾಟಕದಲ್ಲಿ ಜೀವಿತಾವಧಿ ತೆರಿಗೆ ಶೇ 10.

● ನಡುವೆ ಒಂದು ಹೆಮ್ಮೆಯ ಮಾತು. ಮರ್ಸಿಡಿಸ್-ಬೆಂಝ್ ಕಂಪನಿಗೆ ಜರ್ಮನಿಯ ಹೊರಗಿರುವ ಅತಿ ದೊಡ್ಡ ಸಂಶೋಧನಾ ಕೇಂದ್ರ ನಮ್ಮ ವೈಟ್‌ಫೀಲ್ಡ್ ಭಾಗದಲ್ಲಿದೆ. ಅದು ಬೆಂಗಳೂರಿನಲ್ಲಿ ಶುರುವಾದದ್ದು 1996ರಲ್ಲಿ. ಎಲೆಕ್ಟ್ರಾನಿಕ್ ಸಿಟಿ ದಾಟಿದರೆ ಸಿಗುವ ಬೊಮ್ಮಸಂದ್ರದಲ್ಲೇ ಚೇತನ್ ಮೈನಿ ಅವರ ರೇವಾ ವಿದ್ಯುತ್ ಕಾರು ತಯಾರಾಗಿ ಲಂಡನ್ನಿನ ಬೀದಿಗಳಲ್ಲಿ ಓಡಿತು. ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು ಸ್ಯಾನ್ ಸ್ಟಾರ್ಮ್ ಕೂಡ ಬೆಂಗಳೂರಿನ ಕಂಪನಿಯದೇ. ಅದರೊಳಗಿದ್ದದ್ದು ರೆನೋ ಕಂಪನಿಯ 1.2 ಲೀಟರ್ ಎಂಜಿನ್.

● 2022ರ ಸೆಪ್ಟೆಂಬರ್ ಮಳೆ ನೆನಪಿದೆಯೇ? ಹೊರವರ್ತುಲ ರಸ್ತೆ ನದಿಯಾಯಿತು. ಯಮಲೂರಿನ ಎಪ್ಸಿಲಾನ್ ಬಡಾವಣೆಯಲ್ಲಿ ಬೆಂಟ್ಲಿ, ಲೆಕ್ಸಸ್‌ನಂಥ ಕಾರುಗಳು ನೀರಿನಲ್ಲಿ ನಿಂತ ಚಿತ್ರಗಳನ್ನು ದೇಶವೇ ನೋಡಿತು. ದುರಸ್ತಿ ವೆಚ್ಚ ವಿಮಾ ಮೌಲ್ಯದ ಶೇ 75 ದಾಟಿದರೆ ಕಂಪನಿಗಳು ಅಂಥ ಕಾರನ್ನು ಪೂರ್ಣ ನಷ್ಟವೆಂದು ಪರಿಗಣಿಸುತ್ತವೆ. ಹಾಗೆ ಹೋದ ಕಾರುಗಳು ಹರಾಜಾಗಿ, ತೊಳೆದು, ಪಾಲಿಶ್ ಆಗಿ ಮತ್ತೆ ಮಾರುಕಟ್ಟೆಗೆ ಬರುವುದುಂಟು. ಕಂಡುಹಿಡಿಯುವುದು ಹೀಗೆ: ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆಯಿರಿ, ಕೊನೆಯ ಗೇಣಿನಲ್ಲಿ ಕೆಸರಿನ ಗೆರೆ ಇದೆಯೇ ನೋಡಿ. ಸೀಟಿನ ಹಳಿಗಳಿಗೆ, ಬೋಲ್ಟ್‌ಗಳಿಗೆ ತುಕ್ಕು ಹಿಡಿದಿದೆಯೇ ನೋಡಿ. ಡಿಕ್ಕಿಯ ಮ್ಯಾಟ್ ಎತ್ತಿ, ಸ್ಟೆಪ್ನಿ ಗುಂಡಿಯಲ್ಲಿ ಮೆಕ್ಕಲು ಕೂತಿದೆಯೇ ನೋಡಿ. ಒಳಗೆ ಸುಗಂಧ ಜೋರಾಗಿದ್ದರೆ ಕಿಟಕಿ ಮುಚ್ಚಿ ಸ್ವಲ್ಪ ಹೊತ್ತು ಕೂತು ನೋಡಿ. ಈ ಕಾರುಗಳ ಗುಣವೆಲ್ಲ ಹತ್ತಾರು ಎಲೆಕ್ಟ್ರಾನಿಕ್ ಮಾಡ್ಯೂಲ್‌ಗಳಲ್ಲಿದೆ. ನೀರು ಕುಡಿದ ಮಾಡ್ಯೂಲ್ ಇವತ್ತು ನಡೆದು ನಾಳೆ ಕೈಕೊಡುತ್ತದೆ. ವಿಮಾ ಕ್ಲೈಮ್ ಇತಿಹಾಸ ಮತ್ತು ಕಂಪನಿ ಸರ್ವಿಸ್ ದಾಖಲೆ ಕೊಡಲು ಒಪ್ಪದವರ ಕಾರು ಬೇಡ.

● ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿ ಅದರ ಜಾತಕ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಕಡಿಮೆ ಓಡಿದ ಸ್ಪೋರ್ಟ್ಸ್ ಕಾರಿನಲ್ಲಿ ಟೈರಿನ ಗೀರು ಸವೆಯದೆಯೇ ರಬ್ಬರ್ ಗಟ್ಟಿಯಾಗಿರುತ್ತದೆ. ನಾಲ್ಕೂ ಟೈರು ಬದಲಿಸುವ ಖರ್ಚನ್ನು ಚೌಕಾಸಿಯಲ್ಲೇ ಸೇರಿಸಿ.

● ಪೋರ್ಷೆಯ ಬ್ರೇಕ್ ಕ್ಯಾಲಿಪರ್ ಹಳದಿ ಇದ್ದರೆ ಅದು ಸಾಮಾನ್ಯವಾಗಿ ಸೆರಾಮಿಕ್ ಬ್ರೇಕಿನ ಗುರುತು. ಡಿಸ್ಕ್ ಬದಲಿಸುವ ದರವನ್ನು ಮೊದಲೇ ಸರ್ವಿಸ್ ಸೆಂಟರಿನಲ್ಲಿ ಕೇಳಿ. ಪೋರ್ಷೆ ತಾನೇ ಪ್ರಮಾಣೀಕರಿಸಿ ಮಾರುವ ಹಳೆಯ ಕಾರುಗಳಿಗೆ 111 ಅಂಶಗಳ ತಪಾಸಣೆ ಇರುತ್ತದೆ. ಹೊರಗೆ ಕೊಳ್ಳುವವರೂ ಆ ಮಟ್ಟದ ತಪಾಸಣೆಗೆ ದುಡ್ಡು ಕೊಡುವುದು ಜಾಣತನ.

● ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡದ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಹಲವು ಸ್ಪೋರ್ಟ್ಸ್ ಕಾರುಗಳ ಹೊಟ್ಟೆ ನೆಲದಿಂದ ಇರುವುದೇ 12 ಸೆಂಟಿಮೀಟರ್ ಆಸುಪಾಸು. ನಮ್ಮ ಬಡಾವಣೆಗಳ ಹಂಪ್‌ಗಳು ಯಾವ ಪುಸ್ತಕ ನೋಡಿ ಕಟ್ಟಿದವಲ್ಲ. ಮುಂಭಾಗವನ್ನು ಎತ್ತುವ ಸೌಲಭ್ಯ ಇರುವ ಕಾರನ್ನೇ ಹುಡುಕಿ. ಪೋರ್ಷೆ 911ರಲ್ಲಿ ಅದು ಮೂಗನ್ನು ಸುಮಾರು 4 ಸೆಂಟಿಮೀಟರ್ ಮೇಲೆತ್ತುತ್ತದೆ. ಟೆಸ್ಟ್ ಡ್ರೈವ್ ಅನ್ನು ಹೆದ್ದಾರಿಯಲ್ಲಿ ಮುಗಿಸಬೇಡಿ, ನಿಮ್ಮದೇ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇಳಿಜಾರಿಗೆ ತನ್ನಿ.

● ಟಾಮ್‌ಟಾಮ್ ಸಂಸ್ಥೆಯ 2024ರ ವರದಿಯಂತೆ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕು. ಮೈಸೂರು ಹೆದ್ದಾರಿಯಲ್ಲಿ ಮಿತಿ ಗಂಟೆಗೆ 100 ಕಿಲೋಮೀಟರ್. 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ 130 ದಾಟಿದವರ ಮೇಲೆ ಎಫ್‌ಐಆರ್. ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡ್‌ಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟ್‌ನಲ್ಲಿ ಮೆಟ್ರೊ ಬಂದಿದೆ. ಆದರೂ ಮನೆಯ ಏಕೈಕ ಕಾರನ್ನು ಕೊಟ್ಟು ಎರಡು ಸೀಟಿನ ಕಾರು ತರುವವರು ಆಫೀಸು, ಶಾಲೆ, ಆಸ್ಪತ್ರೆಯ ಓಡಾಟ ಹೇಗೆಂದು ಮನೆಯವರ ಜೊತೆ ಕೂತು ಮಾತಾಡಲೇಬೇಕು. ಈ ಮಾತುಕತೆಯನ್ನು ಮುಂದೂಡುವುದು ತಪ್ಪು.

● ಬಂಕ್‌ಗಳಲ್ಲಿ ಈಗ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇದೆ. 2023ರ ಏಪ್ರಿಲ್‌ಗಿಂತ ಮುಂಚಿನ ಎಷ್ಟೋ ಯುರೋಪಿನ ಕಾರುಗಳು ಶೇ 10ಕ್ಕೆ ಮಾತ್ರ ಒಪ್ಪಿಗೆ ಪಡೆದಿವೆ. ಟ್ಯಾಂಕಿನ ಮುಚ್ಚಳದ ಒಳಗಿನ ಸ್ಟಿಕರ್ ಓದಿ.

● 1500 ಸಿಸಿ ದಾಟಿದ ಕಾರಿಗೆ 2022ರಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ವಿಮೆ ವರ್ಷಕ್ಕೆ 7,897 ರೂಪಾಯಿ. ಇನ್ನೋವಾಕ್ಕೂ ಅಷ್ಟೇ, ಲ್ಯಾಂಬೋರ್ಗಿನಿಗೂ ಅಷ್ಟೇ. ಕಾರು ಕೈ ಬದಲಾದರೆ ಈ ವಿಮೆ ತಾನಾಗಿಯೇ ಜೊತೆಗೆ ಬರುತ್ತದೆ. ಸ್ವಂತ ಹಾನಿಯ ವಿಮೆ ಹಾಗೆ ಬರುವುದಿಲ್ಲ, 14 ದಿನದೊಳಗೆ ನಿಮ್ಮ ಹೆಸರಿಗೆ ಬರೆಸಿಕೊಳ್ಳಬೇಕು. ಅಲ್ಲಿಯವರೆಗೆ, ಮನೆಗೆ ತರುವ ದಾರಿಯಲ್ಲೇ ತಾಗಿದರೂ ಖರ್ಚು ನಿಮ್ಮ ತಲೆಯ ಮೇಲೆ.

● ಹಿಂದಿನ ಮಾಲೀಕರು ಸದ್ದಿಗಾಗಿ ಸೈಲೆನ್ಸರ್ ಬದಲಿಸಿದ್ದಾರೆಯೇ? ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಮೂಲ ಸೈಲೆನ್ಸರ್ ಕೇಳಿ ಪಡೆಯಿರಿ.

● ಮುಂಗಡ ಕೊಡುವ ಮುನ್ನ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ಸಂಖ್ಯೆ ಹಾಕಿ ನೋಡಿ. ಎಷ್ಟನೇ ಮಾಲೀಕ, ಸಾಲದ ಅಡಮಾನ ಇದೆಯೇ, ವಿಮೆ ಎಲ್ಲಿಯವರೆಗೆ, ಚಲನ್ ಬಾಕಿ ಎಷ್ಟು ಎಂಬುದು ಅಲ್ಲಿ ಸಿಗುತ್ತದೆ. ಅಡಮಾನ ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಅಡಮಾನ ತೆಗೆಸುವ ನಮೂನೆ 35 ಕೈಗೆ ಬರುವ ತನಕ ಒಂದು ರೂಪಾಯಿಯನ್ನೂ ಕೊಡಬೇಡಿ. ನಿಮ್ಮ ಹಳೆಯ ಕಾರಿನ ಕೀಯನ್ನೂ ಕೊಡಬೇಡಿ.